ಹುರಿದ ಮೀನಿನ ಸೂಪೋ, ಹಸಿ ಹೋಳಿನ ಸೂಪೋ: ಸಿಂಗಪುರದ ಹಾಕರ್ ಸೆಂಟರಿನಲ್ಲಿ ಒಂದು ಆಯ್ಕೆ

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಸಿಂಗಪುರದ ಅಮೊಯ್ ಸ್ಟ್ರೀಟ್ ಅಥವಾ ಮ್ಯಾಕ್ಸ್‌ವೆಲ್‌ನಂತಹ ಹಾಕರ್ ಸೆಂಟರಿಗೆ, ಎಂದರೆ ಸಣ್ಣ ಊಟದಂಗಡಿಗಳು ಒಟ್ಟಿಗಿರುವ ಜಾಗಕ್ಕೆ, ಹೋದರೆ, ಅಲ್ಲಿನ ಉದ್ದದ ಸಾಲುಗಳಲ್ಲಿ ಒಂದಾದರೂ ಮೀನಿನ ಸೂಪಿನ ಅಂಗಡಿಯ ಮುಂದೆ ಇದ್ದೇ ಇರುತ್ತದೆ. ಸಾಲಿನ ತುದಿಗೆ ತಲುಪಿದ ಕೂಡಲೇ ಅಂಗಡಿಯ ಆಂಟಿ ತಲೆ ಎತ್ತದೆ ಮೂರು ಪ್ರಶ್ನೆಗಳನ್ನು ಒಂದರ ಹಿಂದೆ ಒಂದು ಎಸೆಯುತ್ತಾರೆ: ಸ್ಲೈಸ್ಡ್ ಬೇಕೋ ಫ್ರೈಡ್ ಬೇಕೋ, ಹಾಲು ಹಾಕಬೇಕೋ ಬೇಡವೋ, ಬೀ ಹೂನ್ ಎಂಬ ಅಕ್ಕಿಯ ಶಾವಿಗೆ ಬೇಕೋ ಅನ್ನ ಬೇಕೋ. ಹಿಂದೆ ಇಪ್ಪತ್ತು ಜನ ಹಸಿದು ನಿಂತಿರುವಾಗ ಯೋಚಿಸಲು ಎರಡು ಸೆಕೆಂಡಿಗಿಂತ ಹೆಚ್ಚು ಸಮಯ ಸಿಗುವುದಿಲ್ಲ. ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆಯೂ ಇದೇ: ಇವುಗಳಲ್ಲಿ ದೇಹಕ್ಕೆ ಯಾವುದು ಒಳ್ಳೆಯದು? ಹುರಿದದ್ದು ಕೆಟ್ಟದ್ದು, ಬೇಯಿಸಿದ್ದು ಒಳ್ಳೆಯದು ಎಂಬ ಸಿದ್ಧ ಉತ್ತರವೊಂದು ಎಲ್ಲರ ಬಾಯಲ್ಲೂ ಇದೆ. ಆ ಉತ್ತರ ಸುಳ್ಳಲ್ಲ, ಆದರೆ ಬಟ್ಟಲಿನಲ್ಲಿರುವ ಲೆಕ್ಕದ ಅರ್ಧವನ್ನಷ್ಟೇ ಅದು ಹೇಳುತ್ತದೆ. ಉಳಿದರ್ಧ ಮೀನಿನಲ್ಲಿಲ್ಲ, ಮೀನು ಮುಳುಗಿರುವ ನೀರಿನಲ್ಲಿದೆ.

ಬಟ್ಟಲಿನಲ್ಲಿ ಏನೇನಿರುತ್ತದೆ

ಎರಡು ಬಗೆಯ ಸೂಪಿಗೂ ತಳಹದಿ ಒಂದೇ. ಮೀನಿನ ತಲೆ ಮತ್ತು ಮೂಳೆಗಳನ್ನು ಶುಂಠಿಯೊಂದಿಗೆ ಎಣ್ಣೆಯಲ್ಲಿ ಬಾಡಿಸಿ, ನೀರು ಹೊಯ್ದು, ಜೋರಾದ ಉರಿಯಲ್ಲಿ ಗಂಟೆಗಟ್ಟಲೆ ಕುದಿಸುತ್ತಾರೆ. ಅದಕ್ಕೆ ಒಣಗಿಸಿ ಹುರಿದ ನಂಗು ಜಾತಿಯ ಮೀನು, ಇಕಾನ್ ಬಿಲಿಸ್ ಎಂದು ಮಲಯ ಭಾಷೆಯಲ್ಲಿ ಕರೆಯುವ ಒಣ ನೆತ್ತಲಿ, ಕೆಲವೆಡೆ ಕೋಳಿಯ ಅಥವಾ ಹಂದಿಯ ಮೂಳೆ ಸೇರುತ್ತವೆ. ಆಮೇಲೆ ಬಟ್ಟಲಿಗೆ ಟೊಮೆಟೊ, ಹಾಗಲಕಾಯಿಯ ತೆಳು ಬಿಲ್ಲೆ, ಲೆಟಿಸ್ ಅಥವಾ ಬೇರೆ ಸೊಪ್ಪು, ಮೆದುವಾದ ತೋಫು, ಕೆಲವೆಡೆ ಕಡಲಪಾಚಿಯ ತುಣುಕು, ಮೇಲೆ ಹುರಿದ ಸಣ್ಣ ಈರುಳ್ಳಿ ಬೀಳುತ್ತವೆ. ಸ್ಲೈಸ್ಡ್ ಎಂದರೆ ಹಸಿ ಮೀನಿನ ಹೋಳುಗಳನ್ನು ಜಾಲರಿ ಸೌಟಿನಲ್ಲಿಟ್ಟು ಕುದಿಯುವ ಸೂಪಿನಲ್ಲಿ ಒಂದೆರಡು ನಿಮಿಷ ಅದ್ದಿ ಬೇಯಿಸುವುದು. ಫ್ರೈಡ್ ಎಂದರೆ ಅದೇ ಹೋಳುಗಳನ್ನು ಹಿಟ್ಟಿನಲ್ಲಿ ಹೊರಳಿಸಿ ಮುಂಜಾನೆಯೇ ಬಾಣಲೆಯಲ್ಲಿ ಕರಿದು, ತಟ್ಟೆಯಲ್ಲಿ ರಾಶಿ ಹಾಕಿಟ್ಟು, ಗಿರಾಕಿ ಕೇಳಿದಾಗ ಬಿಸಿ ಸೂಪಿಗೆ ಹಾಕಿಕೊಡುವುದು. ಕನ್ನಡದಲ್ಲಿ ನಾವು ಹುರಿಯುವುದು, ಕರಿಯುವುದು ಎಂದು ಎರಡು ಮಾತುಗಳನ್ನು ಬಳಸುತ್ತೇವೆ; ಇಲ್ಲಿನ ಫ್ರೈಡ್ ಫಿಶ್ ಕರಾವಳಿಯ ತವಾ ಫ್ರೈ ಅಲ್ಲ, ಪೂರಿಯಂತೆ ಎಣ್ಣೆಯಲ್ಲಿ ಮುಳುಗಿಸಿ ಕರಿದದ್ದು ಎಂಬುದನ್ನು ಮೊದಲೇ ನೆನಪಿಡಬೇಕು.

ಮೀನಿನ ಹೆಸರು ಕೇಳಿದರೆ ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಒಂದು ಸಣ್ಣ ಸಂತೋಷ ಕಾದಿರುತ್ತದೆ. ಈ ಅಂಗಡಿಗಳಲ್ಲಿ ಬಹಳವಾಗಿ ಬಳಸುವ ಬತಾಂಗ್ ಎನ್ನುವ ಮೀನು ಬೇರಾವುದೂ ಅಲ್ಲ, ನಮ್ಮ ಅಂಜಲ್. ಲಿಟಲ್ ಇಂಡಿಯಾದ ಟೆಕ್ಕಾ ಮಾರುಕಟ್ಟೆಯಲ್ಲಿ ಬೆಳ್ಳಿ ಮೈಯ, ಅಡ್ಡ ಗೆರೆಗಳ ಆ ಉದ್ದನೆಯ ಮೀನನ್ನು ಅಡ್ಡಕ್ಕೆ ಕಡಿದು ಬಿಲ್ಲೆ ಮಾಡುವುದನ್ನು ನೋಡಿದಾಗ ನನಗೆ ಮೊದಲ ಬಾರಿಗೆ ಈ ನಂಟು ಹೊಳೆದದ್ದು. ಬತಾಂಗ್ ಅಲ್ಲದೆ, ನಮ್ಮ ಮುರು ಮೀನಿನ ಬಳಗದ ಗರೂಪಾ, ಸಿಹಿನೀರಿನ ತೋಮನ್, ಅಗ್ಗದ ಅಂಗಡಿಗಳಲ್ಲಿ ಡೋರಿ ಎಂಬ ಹೆಸರಿನಲ್ಲಿ ಬರುವ ಪಂಗಾಸಿಯಸ್ ಕೂಡ ಬಳಕೆಯಲ್ಲಿವೆ. ಮೀನು ಯಾವುದೆಂಬ ಪ್ರಶ್ನೆಯನ್ನು ಬಹುತೇಕ ಯಾರೂ ಕೇಳುವುದಿಲ್ಲ. ಆದರೆ ಪೋಷಣೆಯ ದೃಷ್ಟಿಯಿಂದ ಕೇಳಲೇಬೇಕಾದ ಮೊದಲ ಪ್ರಶ್ನೆ ಅದು. ಅಂಜಲಿನ ಬಳಗದ ಮೀನುಗಳಲ್ಲಿ ಹೃದಯಕ್ಕೆ ಹಿತವೆನಿಸುವ ಒಮೇಗಾ-3 ಕೊಬ್ಬು ಸಾಕಷ್ಟು ಇರುತ್ತದೆ. ಗರೂಪಾದಲ್ಲಿ ಪ್ರೋಟೀನು ಅಷ್ಟೇ ಇದ್ದರೂ ಕೊಬ್ಬು ನೂರು ಗ್ರಾಮಿಗೆ ಒಂದು ಗ್ರಾಮಿನ ಆಸುಪಾಸು ಮಾತ್ರ. ಪಂಗಾಸಿಯಸ್‌ನಿಂದ ಪ್ರೋಟೀನು ಸಿಗುತ್ತದೆಯೇ ಹೊರತು ಒಮೇಗಾ-3ಕ್ಕಾಗಿ ಅದನ್ನು ನಂಬುವಂತಿಲ್ಲ.

ಕರಿದಾಗ ಏನಾಗುತ್ತದೆ

ಹಸಿ ಗರೂಪಾದಂತಹ ಬಿಳಿ ಮೀನಿನ 100 ಗ್ರಾಮಿನಲ್ಲಿ ಸುಮಾರು 90 ಕಿಲೋಕ್ಯಾಲರಿ, 19 ಗ್ರಾಂ ಪ್ರೋಟೀನು ಇರುತ್ತವೆ. ಅಂಜಲಿನ ಬಳಗದ ಮೀನಾದರೆ ಪ್ರೋಟೀನು ಅಷ್ಟೇ ಇದ್ದು, ಅದರದೇ ಕೊಬ್ಬಿನಿಂದಾಗಿ ಶಕ್ತಿ 140 ಕಿಲೋಕ್ಯಾಲರಿಯವರೆಗೆ ಹೋಗಬಹುದು. ಹಿಟ್ಟು ಸವರಿ ಕರಿದ ಮೀನಿನ 100 ಗ್ರಾಮಿಗೆ ಆಹಾರ ಕೋಷ್ಟಕಗಳು ಕೊಡುವ ಅಂಕಿ ಸುಮಾರು 230 ಕಿಲೋಕ್ಯಾಲರಿ, 12 ಗ್ರಾಂ ಕೊಬ್ಬು, 17 ಗ್ರಾಂ ಪಿಷ್ಟ, ಮತ್ತು 15 ಗ್ರಾಮಿಗಿಂತ ಸ್ವಲ್ಪ ಕಡಿಮೆ ಪ್ರೋಟೀನು. ಇಲ್ಲಿ ಶಕ್ತಿ ಹೆಚ್ಚಿರುವುದನ್ನು ಎಲ್ಲರೂ ಗಮನಿಸುತ್ತಾರೆ, ಪ್ರೋಟೀನು ಇಳಿದಿರುವುದನ್ನು ಯಾರೂ ಗಮನಿಸುವುದಿಲ್ಲ. ಕಾರಣ ಸರಳ: ತಟ್ಟೆಯ ಮೇಲೆ ತೂಗುವ ಆ ನೂರು ಗ್ರಾಮಿನಲ್ಲಿ ಮೀನಿನ ಪಾಲು ಕಡಿಮೆಯಾಗಿ, ಹಿಟ್ಟು ಮತ್ತು ಎಣ್ಣೆಯ ಪಾಲು ಸೇರಿಕೊಂಡಿದೆ. ಒಂದು ಬಟ್ಟಲಿಗೆ 120 ಗ್ರಾಮಿನಷ್ಟು ಹೋಳು ಬೀಳುತ್ತದೆಂದು ಇಟ್ಟುಕೊಂಡರೆ, ಬಿಳಿ ಮೀನಿನ ಹಸಿ ಹೋಳಿನಿಂದ 110 ಕಿಲೋಕ್ಯಾಲರಿಯಷ್ಟು, ಕರಿದ ಹೋಳಿನಿಂದ 280ರ ಹತ್ತಿರ ಬರುತ್ತದೆ. 170ರ ಈ ವ್ಯತ್ಯಾಸ ಒಂದು ಸಣ್ಣ ಬಟ್ಟಲು ಅನ್ನಕ್ಕೆ ಸಮ. ಅಪರೂಪಕ್ಕೊಮ್ಮೆ ತಿನ್ನುವವರಿಗೆ ಇದು ದೊಡ್ಡ ಸಂಗತಿಯಲ್ಲ. ಕಚೇರಿಯ ಕೆಳಗಿನ ಅಂಗಡಿಯಲ್ಲಿ ವಾರಕ್ಕೆ ನಾಲ್ಕು ದಿನ ಇದನ್ನೇ ಊಟ ಮಾಡುವವರಿಗೆ ದೊಡ್ಡದೇ.

ಎಣ್ಣೆ ಎಷ್ಟು ಇಳಿಯುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಒಂದು ರಾತ್ರಿ ಕಟ್ಟಿಸಿಕೊಂಡು ಬಂದ ಫ್ರೈಡ್ ಫಿಶ್ ಸೂಪನ್ನು ತಿನ್ನಲಾಗದೆ ಫ್ರಿಜ್ಜಿನಲ್ಲಿಟ್ಟಾಗ. ಬೆಳಿಗ್ಗೆ ಮುಚ್ಚಳ ತೆಗೆದರೆ ಸೂಪಿನ ಮೇಲೆ ತೆಳುವಾದ, ಹಳದಿ ಬಿಳುಪಿನ ಪೊರೆಯೊಂದು ಗಟ್ಟಿಯಾಗಿ ಕೂತಿತ್ತು. ಚಮಚದ ತುದಿಯಿಂದ ತಟ್ಟಿದರೆ ಚೂರುಚೂರಾಗಿ ಒಡೆಯುತ್ತಿತ್ತು. ಇಲ್ಲಿನ ಅಂಗಡಿಗಳಲ್ಲಿ ಕರಿಯಲು ಸಾಮಾನ್ಯವಾಗಿ ತಾಳೆ ಎಣ್ಣೆಯನ್ನೋ ಅದು ಬೆರೆತ ಎಣ್ಣೆಯನ್ನೋ ಬಳಸುವುದರಿಂದ, ಅದರಲ್ಲಿರುವ ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು ತಂಪಿನಲ್ಲಿ ಹೀಗೆ ಹೆಪ್ಪುಗಟ್ಟುತ್ತದೆ. ಬಿಸಿ ಸೂಪಿನಲ್ಲಿ ಅದೇ ಎಣ್ಣೆ ಸಣ್ಣ ಸಣ್ಣ ಕಣ್ಣುಗಳಾಗಿ ತೇಲುತ್ತ, ಹಾಲಿನ ಬಿಳುಪಿನಲ್ಲಿ ಬೆರೆತು, ನಮ್ಮ ಗಮನಕ್ಕೆ ಬರುವುದೇ ಇಲ್ಲ. ತಟ್ಟೆಯಲ್ಲಿಟ್ಟ ಕರಿದ ಮೀನಾದರೆ ಕಾಗದದ ಮೇಲೆ ಎಣ್ಣೆಯ ಕಲೆಯಾದರೂ ಕಾಣುತ್ತಿತ್ತು.

ಎಣ್ಣೆಯ ಬಗ್ಗೆ ಒಂದು ಸಮಾಧಾನದ ಮಾತನ್ನೂ ಹೇಳಬೇಕು. ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆಗಳನ್ನು, ಎಂದರೆ ವನಸ್ಪತಿಯಂತಹ ಕೊಬ್ಬಿನಲ್ಲಿರುವ ಟ್ರಾನ್ಸ್ ಫ್ಯಾಟಿನ ಮುಖ್ಯ ಮೂಲವನ್ನು, ಸಿಂಗಪುರ 2021ರ ಜೂನ್‌ನಿಂದ ಆಹಾರದಲ್ಲಿ ನಿಷೇಧಿಸಿದೆ. ಹಾಗೆಂದು ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ ಹಾನಿಕರ ಪದಾರ್ಥಗಳು ಇಲ್ಲವಾಗುವುದಿಲ್ಲ. ಕರಿದ ಹೋಳುಗಳು ಹೊನ್ನಿನ ಬಣ್ಣ ದಾಟಿ ಕಂದಾಗಿದ್ದರೆ, ಹತ್ತಿರ ಹೋದಾಗ ಹಳಸಲು ವಾಸನೆ ಮೂಗಿಗೆ ಬಡಿದರೆ, ಆ ದಿನ ಸ್ಲೈಸ್ಡ್ ಕೇಳುವುದೇ ಜಾಣತನ.

ಹೃದಯದ ವಿಷಯದಲ್ಲಿ ಕರಿದ ಮೀನು ಮತ್ತು ಬೇಯಿಸಿದ ಮೀನು ಬೇರೆ ಬೇರೆ ಆಹಾರಗಳೆಂಬಂತೆಯೇ ನೋಡಬೇಕಾಗುತ್ತದೆ. ಅಮೆರಿಕದಲ್ಲಿ 65 ವರ್ಷ ದಾಟಿದವರನ್ನು ಹಲವು ವರ್ಷಗಳ ಕಾಲ ಗಮನಿಸಿದ ಕಾರ್ಡಿಯೋವ್ಯಾಸ್ಕುಲರ್ ಹೆಲ್ತ್ ಸ್ಟಡಿಯಿಂದ 2003ರಲ್ಲಿ ಹೊರಬಂದ ವರದಿಯೊಂದರಲ್ಲಿ, ಸುಟ್ಟ ಅಥವಾ ಬೇಯಿಸಿದ ಮೀನನ್ನು ಹೆಚ್ಚು ತಿನ್ನುತ್ತಿದ್ದವರಲ್ಲಿ ಹೃದ್ರೋಗದ ಸಾವುಗಳು ಕಡಿಮೆ ಕಂಡುಬಂದವು. ಕರಿದ ಮೀನು ಮತ್ತು ಫಿಶ್ ಬರ್ಗರ್ ತಿನ್ನುತ್ತಿದ್ದವರಲ್ಲಿ ಆ ಲಾಭ ಕಾಣಲಿಲ್ಲ. ಕರಿದದ್ದನ್ನು ಇಷ್ಟಪಡುವವರ ಉಳಿದ ಆಹಾರ ಪದ್ಧತಿಯೂ ಬೇರೆಯಾಗಿರುತ್ತದೆ, ಆದ್ದರಿಂದ ಪೂರ್ತಿ ಆರೋಪವನ್ನು ಬಾಣಲೆಯ ಮೇಲೆ ಹೊರಿಸಲಾಗದು. ಆದರೂ ಕಾರಣ ಊಹಿಸುವುದು ಕಷ್ಟವಲ್ಲ. ಕೊಬ್ಬು ಕಡಿಮೆಯಿರುವ ಮೀನನ್ನು ಕರಿದಾಗ ಅದರಲ್ಲಿ ಮೊದಲೇ ಅಲ್ಪವಾಗಿದ್ದ ಒಮೇಗಾ-3, ಹೊರಗಿನಿಂದ ನುಗ್ಗಿದ ಅಡುಗೆ ಎಣ್ಣೆಯ ನಡುವೆ ಲೆಕ್ಕಕ್ಕೇ ಇಲ್ಲದಂತಾಗುತ್ತದೆ. ಬತಾಂಗಿನಂತಹ ಕೊಬ್ಬುಳ್ಳ ಮೀನಾದರೆ ನಷ್ಟ ಅಷ್ಟು ತೀವ್ರವಲ್ಲ. ಬಿ12, ಸೆಲೆನಿಯಂ, ಅಯೋಡಿನ್‌ಗಳೂ ಕರಿದದ್ದರಲ್ಲಿ ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಕರಿದ ಮೀನನ್ನು ಪೋಷಣೆಯೇ ಇಲ್ಲದ ಕಸವೆಂದು ತಳ್ಳಿಹಾಕುವವರ ಮಾತನ್ನು ಹಾಗಾಗಿ ನಾನು ಒಪ್ಪುವುದಿಲ್ಲ.

ಹಾಲಿನ ಬಿಳುಪು

ಸೂಪು ಹಾಲಿನಂತೆ ಬೆಳ್ಳಗಿರುವುದಕ್ಕೆ ಎರಡು ದಾರಿಗಳಿವೆ. ಮೂಳೆಗಳನ್ನು ಬಾಡಿಸಿ ಜೋರಾಗಿ ಕುದಿಸಿದಾಗ ಅವುಗಳಿಂದ ಬಿಡುವ ಅಂಟು ಮತ್ತು ಕೊಬ್ಬಿನ ಸೂಕ್ಷ್ಮ ಹನಿಗಳು ನೀರಿನೊಂದಿಗೆ ಬೆರೆತು ತಾವಾಗಿಯೇ ಬಿಳುಪಾಗುವುದು ಒಂದು. ಕಡೆಯಲ್ಲಿ ಡಬ್ಬದ ಇವಾಪೊರೇಟೆಡ್ ಹಾಲನ್ನು, ಎಂದರೆ ನೀರಿನಂಶ ಇಳಿಸಿ ಗಟ್ಟಿ ಮಾಡಿದ ಹಾಲನ್ನು, ಸುರಿಯುವುದು ಇನ್ನೊಂದು. ಮೊದಲ ಬಗೆಯ ಬಿಳುಪನ್ನು ಕಂಡು, ಮೂಳೆಯ ಕ್ಯಾಲ್ಸಿಯಂ ಎಲ್ಲ ಸೂಪಿಗೆ ಇಳಿದಿದೆಯೆಂದು ನಂಬುವ ಹಿರಿಯರು ಇಲ್ಲಿಯೂ ಇದ್ದಾರೆ, ನಮ್ಮಲ್ಲಿಯೂ ಇದ್ದಾರೆ. ಮೂಳೆಯನ್ನು ಎಷ್ಟು ಕುದಿಸಿದರೂ ನೀರಿಗೆ ಇಳಿಯುವ ಕ್ಯಾಲ್ಸಿಯಂ ತೀರ ಕಡಿಮೆ. ಅದು ಬೇಕೆಂದರೆ ತೋಫು ಹೆಚ್ಚಿಗೆ ಹಾಕಿಸಿಕೊಳ್ಳುವುದು ಮೇಲು.

ನಿಜವಾದ ಇವಾಪೊರೇಟೆಡ್ ಹಾಲನ್ನು ಮೂರು ದೊಡ್ಡ ಚಮಚ ಹಾಕಿದರೆ ಸುಮಾರು 60 ಕಿಲೋಕ್ಯಾಲರಿ, 3 ಗ್ರಾಮಿಗಿಂತ ಸ್ವಲ್ಪ ಹೆಚ್ಚು ಕೊಬ್ಬು, 100 ಮಿಲಿಗ್ರಾಮಿಗೂ ಮೀರಿದ ಕ್ಯಾಲ್ಸಿಯಂ ಸೇರುತ್ತವೆ. ಕೆಟ್ಟ ವ್ಯಾಪಾರವೇನಲ್ಲ. ತೊಡಕಿರುವುದು ಡಬ್ಬದಲ್ಲಿ. ಅಂಗಡಿಗಳ ಹಿಂದೆ ಪೇರಿಸಿಟ್ಟಿರುವ ಡಬ್ಬಗಳಲ್ಲಿ ಅನೇಕವು ಶುದ್ಧ ಹಾಲಿನವಲ್ಲ, ಹಾಲಿನ ಕೊಬ್ಬನ್ನು ತೆಗೆದು ತಾಳೆ ಎಣ್ಣೆ ಸೇರಿಸಿದ ಕ್ರೀಮರ್‌ಗಳು. ಕರಿದ ಮೀನಿನ ಮೇಲೆ ಅದೂ ಸೇರಿದರೆ ಪರ್ಯಾಪ್ತ ಕೊಬ್ಬಿನ ಎರಡು ಮೂಲಗಳು ಒಂದೇ ಬಟ್ಟಲಲ್ಲಿ ಕೂಡಿದಂತಾಗುತ್ತದೆ. ಹಾಲು ಜೀರ್ಣವಾಗದವರಿಗೆ ಮೂರು ಚಮಚದಲ್ಲಿರುವ ನಾಲ್ಕೈದು ಗ್ರಾಂ ಲ್ಯಾಕ್ಟೋಸ್ ಕೆಲವೊಮ್ಮೆ ಸಾಕು, ಮಧ್ಯಾಹ್ನದ ಮೀಟಿಂಗ್ ಹಾಳಾಗಲು. ಫ್ರೈಡ್ ಕೇಳಿದರೆ ಹಾಲು ಬೇಡವೆನ್ನುವುದು, ಹಾಲು ಬೇಕೆನಿಸಿದರೆ ಸ್ಲೈಸ್ಡ್ ಕೇಳುವುದು ನನ್ನ ರೂಢಿ. ರುಚಿಯ ದೃಷ್ಟಿಯಿಂದಲೂ ಹಾಲಿಲ್ಲದ ತಿಳಿ ಸೂಪಿನಲ್ಲಿ, ಚೀನೀ ಮೂಲದ ಟಿಯೋಚ್ಯೂ ಸಮುದಾಯದವರು ಮಾಡುವ ಬಗೆಯಲ್ಲಿ, ಮೀನು ತಾಜಾ ಇದೆಯೋ ಇಲ್ಲವೋ ಎಂಬುದು ಮೊದಲ ಗುಟುಕಿಗೇ ಗೊತ್ತಾಗುತ್ತದೆ.

ಉಪ್ಪು: ಎರಡೂ ಬಟ್ಟಲುಗಳಿಗೆ ಸಮನಾದ ಸಮಸ್ಯೆ

ಈಗ ನಾನು ಮೊದಲೇ ಹೇಳಿದ ಉಳಿದರ್ಧಕ್ಕೆ ಬರುತ್ತೇನೆ. ನಾಲಿಗೆಗೆ ರುಚಿಸುವ ಸೂಪಿನಲ್ಲಿ ಸಾಮಾನ್ಯವಾಗಿ ನೂರು ಭಾಗಕ್ಕೆ ಮುಕ್ಕಾಲರಿಂದ ಒಂದು ಭಾಗದಷ್ಟು ಉಪ್ಪಿರುತ್ತದೆ. ಅರ್ಧ ಲೀಟರ್ ಸೂಪಿಗೆ ನೂರಕ್ಕೆ 0.8ರಂತೆ ಲೆಕ್ಕ ಹಾಕಿದರೆ 4 ಗ್ರಾಂ ಉಪ್ಪು, ಎಂದರೆ ಸುಮಾರು 1,570 ಮಿಲಿಗ್ರಾಂ ಸೋಡಿಯಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಇಡೀ ದಿನದ ಮಿತಿ 2,000 ಮಿಲಿಗ್ರಾಂ. ಮಧ್ಯಾಹ್ನದ ಒಂದು ಬಟ್ಟಲನ್ನು ಕೊನೆಯ ಹನಿಯವರೆಗೆ ಕುಡಿದವರಿಗೆ ರಾತ್ರಿಯ ಊಟಕ್ಕೆ ಉಳಿಯುವುದು ಒಂದು ಚಿಟಿಕೆಗೆ ಸ್ವಲ್ಪ ಹೆಚ್ಚು. ಸಿಂಗಪುರದಲ್ಲಿ 2022ರ ರಾಷ್ಟ್ರೀಯ ಪೋಷಣೆ ಸಮೀಕ್ಷೆಯ ಪ್ರಕಾರ ಜನರ ಸರಾಸರಿ ಸೋಡಿಯಂ ಸೇವನೆ ದಿನಕ್ಕೆ 3,620 ಮಿಲಿಗ್ರಾಂ ಇತ್ತು; ಇಂತಹ ಸೂಪುಗಳನ್ನು ನೆನೆದರೆ ಅದು ಆಶ್ಚರ್ಯವೆನಿಸುವುದಿಲ್ಲ. ಹಗುರವಾದ ಊಟ ಎಂಬ ಹೆಸರು ಪಡೆದಿರುವುದರಿಂದಲೇ ಮೀನಿನ ಸೂಪು ಈ ವಿಷಯದಲ್ಲಿ ಹೆಚ್ಚು ಮೋಸ ಮಾಡುತ್ತದೆ. ಬಿರಿಯಾನಿ ತಿಂದವರು ಸಂಜೆ ಪಶ್ಚಾತ್ತಾಪಪಡುತ್ತಾರೆ, ಸೂಪು ಕುಡಿದವರು ಬೆನ್ನು ತಟ್ಟಿಕೊಳ್ಳುತ್ತಾರೆ.

ಅಜಿನೊಮೊಟೊ ಹಾಕಿದ್ದಾರೋ ಎಂದು ಅನುಮಾನಪಡುವ ನಮ್ಮವರು ಉಪ್ಪಿನ ಬಗ್ಗೆ ಚಕಾರ ಎತ್ತುವುದಿಲ್ಲ. ತೂಕಕ್ಕೆ ತೂಕ ಹಿಡಿದರೆ ಅಜಿನೊಮೊಟೊದಲ್ಲಿ ಸೋಡಿಯಂ ನೂರಕ್ಕೆ 12 ಭಾಗ, ಅಡುಗೆ ಉಪ್ಪಿನಲ್ಲಿ 39 ಭಾಗ. ಬಟ್ಟಲಿನ ಪಕ್ಕದ ಪುಟ್ಟ ತಟ್ಟೆಯಲ್ಲಿ ಕೊಡುವ ಸೋಯಾ ಸಾಸಿನಲ್ಲಿ ನೆನೆದ ಮೆಣಸಿನಕಾಯಿಯದೂ ಬೇರೆಯದೇ ಲೆಕ್ಕ: ಒಂದು ಟೀ ಚಮಚ ಸೋಯಾ ಸಾಸ್ ಎಂದರೆ 300 ಮಿಲಿಗ್ರಾಂ ಸೋಡಿಯಂ. ಹೋಳನ್ನು ಅದರಲ್ಲಿ ಅದ್ದದೆ ಮೆಣಸಿನ ಬಿಲ್ಲೆಯೊಂದನ್ನು ಮಾತ್ರ ಎತ್ತಿ ಮೀನಿನ ಮೇಲಿಟ್ಟು ತಿಂದರೆ ಖಾರ ಅಷ್ಟೇ ಸಿಗುತ್ತದೆ.

ಸೂಪನ್ನು ಬಟ್ಟಲಿನಲ್ಲೇ ಬಿಡುವುದೇ ಇದಕ್ಕೆ ನೇರವಾದ ಪರಿಹಾರ. ಸ್ಲೈಸ್ಡ್ ತೆಗೆದುಕೊಂಡವರಿಗೆ ಈ ಪರಿಹಾರ ಚೆನ್ನಾಗಿ ಫಲಿಸುತ್ತದೆ. ಹೋಳು, ತೋಫು, ಸೊಪ್ಪುಗಳನ್ನು ಆರಿಸಿ ತಿಂದು, ಗಂಟಲು ತಣಿಯುವಷ್ಟು ನಾಲ್ಕೈದು ಚಮಚ ಸೂಪು ಕುಡಿದು ಎದ್ದರೆ ಸೋಡಿಯಂ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಕರಿದ ಮೀನಿನಲ್ಲಿ ಹಾಗಾಗುವುದಿಲ್ಲ. ಬಿಸಿ ಸೂಪಿಗೆ ಬಿದ್ದ ಕರಿದ ಹೋಳನ್ನು ಒಮ್ಮೆ ಗಮನವಿಟ್ಟು ನೋಡಿ: ಎರಡನೆಯ ನಿಮಿಷಕ್ಕೆ ಅದರ ಗರಿಗರಿ ಹೊದಿಕೆ ಅಂಚಿನಿಂದ ಮೆತ್ತಗಾಗತೊಡಗುತ್ತದೆ, ಐದನೆಯ ನಿಮಿಷಕ್ಕೆ ದೋಸೆಯ ಅಂಚು ಸಾಂಬಾರಿನಲ್ಲಿ ಊದಿಕೊಂಡಂತೆ ಉಬ್ಬಿ, ಚಾಪ್‌ಸ್ಟಿಕ್ಕಿನಲ್ಲಿ ಎತ್ತಿದರೆ ಮೀನಿನಿಂದ ಕಳಚಿಕೊಂಡು ಜೋತಾಡುತ್ತದೆ. ಆ ಉಬ್ಬಿದ ಹೊದಿಕೆ ಕುಡಿದಿರುವುದು ಉಪ್ಪಿನ ಸೂಪನ್ನೇ. ಬಟ್ಟಲಿನ ಸೂಪನ್ನು ಬಿಟ್ಟರೂ ಒಂದು ಪಾಲು ಹಿಟ್ಟಿನ ಮೂಲಕ ಹೊಟ್ಟೆಗೆ ಹೋಗಿಯೇ ಹೋಗುತ್ತದೆ. ಬೀ ಹೂನ್ ಜೊತೆಗಿದ್ದರೆ ಅದೂ ಹಾಗೆಯೇ ಹೀರಿಕೊಂಡಿರುತ್ತದೆ. ಕರಿದದ್ದರ ಮೇಲಿನ ನನ್ನ ಮುಖ್ಯ ದೂರು ಎಣ್ಣೆಗಿಂತ ಇದು: ಗರಿಗರಿಯೂ ಉಳಿಯುವುದಿಲ್ಲ, ಉಪ್ಪಿನಿಂದ ತಪ್ಪಿಸಿಕೊಳ್ಳುವ ದಾರಿಯೂ ಉಳಿಯುವುದಿಲ್ಲ. ನಮ್ಮ ಕರಾವಳಿಯ ಮನೆಗಳಲ್ಲಿ ಫ್ರೈ ಮಾಡಿದ ಮೀನನ್ನು ಸಾರಿನೊಳಗೆ ಮುಳುಗಿಸದೆ ತಟ್ಟೆಯ ಬದಿಯಲ್ಲಿ ಬಡಿಸುವ ಕ್ರಮದಲ್ಲಿ ರುಚಿಯ ವಿವೇಕದೊಂದಿಗೆ ಈ ವಿವೇಕವೂ ಇದೆ ಎನ್ನಬಹುದು.

ಬೀ ಹೂನ್ ಅಥವಾ ಅನ್ನ

ಬೀ ಹೂನ್ ನಮ್ಮ ಒತ್ತು ಶಾವಿಗೆಯ ದೂರದ ನೆಂಟ. ಬೆಂದ ಶಾವಿಗೆಯ 200 ಗ್ರಾಮಿಗೆ 215 ಕಿಲೋಕ್ಯಾಲರಿ, ಅಷ್ಟೇ ತೂಕದ ಬಿಳಿ ಅನ್ನಕ್ಕೆ 260 ಎಂದು ಸ್ಥೂಲವಾಗಿ ಹಿಡಿಯಬಹುದು. ಶಕ್ತಿಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ, ನಾರು ಎರಡರಲ್ಲೂ ತೀರ ಕಡಿಮೆ. ಆದರೆ ಅನ್ನ ಬೇರೆ ಬಟ್ಟಲಿನಲ್ಲಿ ಬರುವುದರಿಂದ ಸೂಪನ್ನು ಹೀರುವುದಿಲ್ಲ, ಬೇಕಾದಷ್ಟು ತಿಂದು ಮಿಕ್ಕಿದ್ದನ್ನು ಬಿಡಲೂಬಹುದು. ಸಕ್ಕರೆ ಕಾಯಿಲೆಯವರು ಎರಡನ್ನೂ ಬಿಟ್ಟು ಬರೀ ಸೂಪು ಕೇಳಿ, ಹೆಚ್ಚಿನ ತೋಫು ಮತ್ತು ಸೊಪ್ಪಿಗೆ ಒಂದು ಡಾಲರ್ ಹೆಚ್ಚು ಕೊಟ್ಟರೆ ಹೊಟ್ಟೆ ತುಂಬುತ್ತದೆ. ಅವರು ಮರೆಯಬಾರದ ಸಂಗತಿಯೆಂದರೆ ಫ್ರೈಡ್ ಮೀನಿನ ಹೊದಿಕೆಯೂ ಪಿಷ್ಟವೇ ಎಂಬುದು. ಬೀ ಹೂನ್ ಬೇಡವೆಂದು ಕರಿದ ಮೀನನ್ನು ಎರಡು ಪಾಲು ತಿಂದರೆ 40 ಗ್ರಾಂ ಪಿಷ್ಟ ಹಿಂಬಾಗಿಲಿನಿಂದ ಒಳಗೆ ಬಂದಿರುತ್ತದೆ.

ಯಾರಿಗೆ ಯಾವುದು

ರಕ್ತದೊತ್ತಡದವರಿಗೆ ಉತ್ತರ ಸ್ಪಷ್ಟ: ಸ್ಲೈಸ್ಡ್, ಅನ್ನ ಬೇರೆ, ಸೂಪು ಅರ್ಧಕ್ಕಿಂತ ಕಡಿಮೆ. ಇತ್ತೀಚೆಗೆ ಕೆಲವು ಅಂಗಡಿಗಳು ಸೋಡಿಯಂ ಕಡಿಮೆಯಿರುವ ಉಪ್ಪನ್ನು ಬಳಸುತ್ತಿವೆ, ಅದನ್ನು ಇಲ್ಲಿನ ಹೆಲ್ತ್ ಪ್ರಮೋಷನ್ ಬೋರ್ಡ್ ಪ್ರೋತ್ಸಾಹಿಸುತ್ತಲೂ ಇದೆ. ಸಾಮಾನ್ಯರಿಗೆ ಅದು ಒಳ್ಳೆಯ ಸುದ್ದಿ. ಆದರೆ ಅಂತಹ ಉಪ್ಪಿನಲ್ಲಿ ಸೋಡಿಯಂನ ಒಂದು ಭಾಗದ ಬದಲಿಗೆ ಪೊಟ್ಯಾಸಿಯಂ ಇರುವುದರಿಂದ, ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಅದನ್ನು ನೆಚ್ಚಬಾರದು. ಗೌಟ್ ಎಂಬ ಕೀಲುನೋವಿನ ಕಾಯಿಲೆ ಇರುವವರಿಗೆ ಹೋಳು ಹುರಿದದ್ದೋ ಹಸಿಯದೋ ಎನ್ನುವುದು ಎರಡನೆಯ ಮಾತು. ಯೂರಿಕ್ ಆಮ್ಲವಾಗಿ ಬದಲಾಗುವ ಪ್ಯೂರಿನ್‌ಗಳು ಒಣ ನೆತ್ತಲಿಯಲ್ಲಿ ಬಹಳವಾಗಿದ್ದು, ಕುದಿಸಿದಾಗ ನೀರಿಗೆ ಇಳಿಯುತ್ತವೆ. ಅವರ ಪಾಲಿಗೆ ಸೂಪೇ ಆರೋಪಿ.

ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳ ವಿಷಯದಲ್ಲಿ ಮೀನಿನ ಜಾತಿಯನ್ನು ಕೇಳಿಕೊಳ್ಳುವುದು ಅಗತ್ಯ. ಅಂಜಲ್ ಇತರ ಮೀನುಗಳನ್ನು ತಿಂದು ದೊಡ್ಡದಾಗಿ ಬೆಳೆಯುವ ಮೀನಾದುದರಿಂದ ಅದರಲ್ಲಿ ಪಾದರಸ, ಬೂತಾಯಿಯಂತಹ ಸಣ್ಣ ಮೀನಿಗಿಂತ ಹೆಚ್ಚು ಸಂಗ್ರಹವಾಗುತ್ತದೆ. ಕರಿದರೂ ಕುದಿಸಿದರೂ ಅದು ಹೋಗುವುದಿಲ್ಲ. ಅಂಜಲನ್ನು ಅಪರೂಪಕ್ಕೊಮ್ಮೆ ತಿಂದು, ಉಳಿದ ದಿನ ಬೇರೆ ಮೀನಿನ ಕಡೆಗೆ ಹೋಗುವುದು ಸರಿಯಾದ ಕ್ರಮ. ಕೆಲವು ಅಂಗಡಿಗಳಲ್ಲಿ ಪರಿಮಳಕ್ಕೆ ಚೀನೀ ವೈನನ್ನೋ ಬ್ರಾಂಡಿಯನ್ನೋ ಸೇರಿಸುತ್ತಾರೆ. ಫಲಕದಲ್ಲಿ ಎಕ್ಸ್‌ಓ ಎಂದಿದ್ದರೆ ಅದು ಬ್ರಾಂಡಿಯ ಸೂಚನೆ. ಮದ್ಯವನ್ನು ಮುಟ್ಟದವರೂ ಗರ್ಭಿಣಿಯರೂ ಬೇಡವೆಂದು ಮೊದಲೇ ಹೇಳಬೇಕು. ಗೋಧಿ, ಮೊಟ್ಟೆ, ಹಾಲುಗಳ ಅಲರ್ಜಿ ಇರುವವರಿಗೆ ತಿಳಿ ಸ್ಲೈಸ್ಡ್ ಸೂಪು ಬಿಟ್ಟರೆ ಬೇರೆ ಸುರಕ್ಷಿತ ದಾರಿ ಇಲ್ಲ, ಅಲ್ಲಿಯೂ ಸೋಯಾ ಸಾಸಿನಲ್ಲಿ ಗೋಧಿ ಇರುತ್ತದೆಂಬುದನ್ನು ಮರೆಯುವಂತಿಲ್ಲ.

ಕರಿದದ್ದನ್ನೇ ನಾನು ಶಿಫಾರಸು ಮಾಡುವ ಒಂದು ಸಂದರ್ಭವೂ ಇದೆ. ಬಾಯಿರುಚಿ ಕೆಟ್ಟು, ತೂಕ ಇಳಿದು, ನಾಲ್ಕು ತುತ್ತಿಗಿಂತ ಹೆಚ್ಚು ತಿನ್ನಲಾರದ ಹಿರಿಯರಿಗೆ, ಹಸಿ ಮೀನಿನ ವಾಸನೆಯೆಂದು ಮುಖ ತಿರುಗಿಸುವ ಮಗುವಿಗೆ, ಅದೇ ಗಾತ್ರದ ಹೋಳಿನಲ್ಲಿ ಎರಡು ಪಟ್ಟು ಶಕ್ತಿ ಕೊಡುವ ಕರಿದ ಮೀನು ಉಪಕಾರಿಯೇ. ಸೂಪಿನಲ್ಲಿ ನೆನೆದು ಮೆತ್ತಗಾದ ಹೊದಿಕೆ ಹಲ್ಲಿಲ್ಲದವರಿಗೂ ಒಗ್ಗುತ್ತದೆ. ಶಸ್ತ್ರಚಿಕಿತ್ಸೆಯಾದವರಿಗೆ, ಬಾಣಂತಿಯರಿಗೆ ಗಾಯ ಬೇಗ ಮಾಗಲೆಂದು ಮುರ್ರೆಲ್ ಜಾತಿಯ ಹರುವಾನ್ ಮೀನಿನ ಸೂಪು ಕೊಡುವ ಪದ್ಧತಿ ಇಲ್ಲಿನ ಮಲಯ ಮತ್ತು ಚೀನೀ ಮನೆಗಳಲ್ಲಿ ಹಳೆಯದು. ಗಾಯ ಮಾಗಲು ಪ್ರೋಟೀನು ಬೇಕೆಂಬುದು ನಿಜ. ಅಲ್ಲಿ ಕೊಡುವುದು ಕರಿಯದ ಮೀನನ್ನು, ಮತ್ತು ಬರೀ ನೀರನ್ನಲ್ಲ, ಮಾಂಸವನ್ನೂ ತಿನ್ನಿಸಿದರೆ ಮಾತ್ರ ಅದರ ಪ್ರಯೋಜನ.

ಸ್ಲೈಸ್ಡ್ ಆರಿಸಿದವರು ಎಚ್ಚರವಹಿಸಬೇಕಾದದ್ದು ಬೇಯುವಿಕೆಯಲ್ಲಿ. 2015ರಲ್ಲಿ ಸಿಂಗಪುರದಲ್ಲಿ ಹಸಿ ಸಿಹಿನೀರಿನ ಮೀನನ್ನು ಹಾಗೆಯೇ ತಿಂದವರಲ್ಲಿ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಹರಡಿ, ಅದೇ ಡಿಸೆಂಬರಿನಲ್ಲಿ ಸಿಹಿನೀರಿನ ಮೀನನ್ನು ಹಸಿಯಾಗಿ ಬಡಿಸುವುದನ್ನು ನಿಷೇಧಿಸಲಾಯಿತು. ಆ ಮೀನುಗಳಲ್ಲಿ ತೋಮನ್ ಕೂಡ ಇತ್ತು. ಸೂಪಿನಲ್ಲಿ ಸರಿಯಾಗಿ ಬೆಂದದ್ದಕ್ಕೆ ಈ ಭಯವಿಲ್ಲ. ಹೋಳಿನ ನಡುಭಾಗ ಗಾಜಿನಂತೆ ಪಾರದರ್ಶಕವಾಗಿದ್ದರೆ ಅದನ್ನು ಬಿಸಿ ಸೂಪಿನಡಿಗೆ ಒತ್ತಿ ಕಾಯುವುದರ ಬದಲು, ಬಟ್ಟಲನ್ನು ಆಂಟಿಯ ಕೈಗೆ ಮರಳಿ ಕೊಟ್ಟು ಇನ್ನೊಮ್ಮೆ ಬೇಯಿಸಿಕೊಡಿ ಎನ್ನುವುದೇ ಸರಿ, ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ನಡುವಿನ ದಾರಿ

ಫಲಕದಲ್ಲಿ ಮಿಕ್ಸ್ ಎಂದು ಬರೆದಿರುವುದು ಅರ್ಧ ಕರಿದ, ಅರ್ಧ ಹಸಿ ಹೋಳಿನ ಬಟ್ಟಲು. ಆಸೆಯನ್ನೂ ಲೆಕ್ಕವನ್ನೂ ಒಟ್ಟಿಗೆ ನಿಭಾಯಿಸಲು ಇದೊಂದು ಉಪಾಯ. ಸ್ಲೈಸ್ಡ್‌ಗಿಂತ 80ರಿಂದ 90 ಕಿಲೋಕ್ಯಾಲರಿ ಮಾತ್ರ ಹೆಚ್ಚಾಗುತ್ತದೆ. ರಕ್ತದೊತ್ತಡದ ಮಾತ್ರೆ ನುಂಗುವ ನನ್ನ ಅತ್ತೆಯವರು ಕುಂದಾಪುರದಿಂದ ಬಂದಾಗ ಎರಡು ವಾರಗಳ ಕಾಲ ನಾವು ಕಂಡುಕೊಂಡ ವ್ಯವಸ್ಥೆ ಇದಕ್ಕಿಂತ ಮೇಲು ಎನ್ನುವುದು ನನ್ನ ಅನುಭವ. ತಿಳಿ ಸ್ಲೈಸ್ಡ್ ಸೂಪು ಒಂದನ್ನು ಕೇಳಿ, ನಾಲ್ಕು ತುಂಡು ಕರಿದ ಮೀನನ್ನು ಬೇರೆ ತಟ್ಟೆಯಲ್ಲಿ ಹಾಕಿಸಿಕೊಂಡು ಇಬ್ಬರೂ ಹಂಚಿಕೊಳ್ಳುತ್ತಿದ್ದೆವು. ಮೊದಲ ದಿನ ಅಂಗಡಿಯ ಆಂಟಿ, “ಸೂಪ್ ಬೇಡವಾ? ಡ್ರೈ ಆಗುತ್ತೆ” ಎಂಬ ಅರ್ಥದಲ್ಲಿ ಕೈಯಾಡಿಸಿದರು. “ಡ್ರೈ ಆದ್ರೇ ಒಳ್ಳೇದು ಮಾರಾಯ, ಮೀನು ಗರಿಗರಿ ಇರ್ಲಿ” ಎಂದು ಅತ್ತೆ ನನ್ನತ್ತ ತಿರುಗಿ ಹೇಳಿದ್ದನ್ನು ನಾನು ನನಗೆ ಬಂದ ಸಿಂಗಪುರದ ಇಂಗ್ಲಿಷಿನಲ್ಲಿ ದಾಟಿಸಿದೆ. ಮೂರನೆಯ ದಿನದಿಂದ ಆಂಟಿ ನಾವು ಕೇಳದೆಯೇ ತಟ್ಟೆ ಬೇರೆ ಇಡತೊಡಗಿದರು.

ಮನೆಯಲ್ಲಿ ಮಾಡುವುದಾದರೆ ಲೆಕ್ಕ ಪೂರ್ತಿ ನಮ್ಮ ಕೈಯಲ್ಲಿರುತ್ತದೆ. ಬತಾಂಗಿನ ಬಿಲ್ಲೆಗೆ ಅಕ್ಕಿ ಹಿಟ್ಟು, ಕಾಳುಮೆಣಸು, ಸ್ವಲ್ಪ ಅರಿಸಿನ ಸವರಿ, ಎರಡು ಟೀ ಚಮಚ ಎಣ್ಣೆಯಲ್ಲಿ ಕಾವಲಿಯ ಮೇಲೆ ಎರಡೂ ಬದಿ ಹುರಿದರೆ, ಆ ಎಣ್ಣೆಯೆಲ್ಲ ಮೀನಿಗೇ ಹೋಯಿತೆಂದುಕೊಂಡರೂ 80 ಕಿಲೋಕ್ಯಾಲರಿ ಮಾತ್ರ. ತಲೆ ಮತ್ತು ಮೂಳೆಯನ್ನು ಅದೇ ಕಾವಲಿಯಲ್ಲಿ ಶುಂಠಿಯೊಂದಿಗೆ ಬಾಡಿಸಿ ಕುದಿಸಿದರೆ ಡಬ್ಬದ ಹಾಲಿಲ್ಲದೆಯೇ ಸೂಪು ಬೆಳ್ಳಗಾಗುತ್ತದೆ. ಟೊಮೆಟೊ ಹೆಚ್ಚಿಗೆ ಹಾಕಿ, ಕಡೆಯಲ್ಲಿ ನಿಂಬೆಹಣ್ಣು ಹಿಂಡಿದರೆ ಉಪ್ಪು ಅರ್ಧಕ್ಕೆ ಇಳಿಸಿದ್ದು ನಾಲಿಗೆಗೆ ತಿಳಿಯುವುದಿಲ್ಲ. ಕಟ್ಟಿಸಿಕೊಂಡು ಹೋಗುವ ದಿನ ದಪಾವ್ ಎಂದಷ್ಟೇ ಹೇಳಿ ನಿಲ್ಲದೆ, ಮೀನನ್ನು ಒಂದು ಡಬ್ಬಕ್ಕೆ, ಸೂಪನ್ನು ಇನ್ನೊಂದಕ್ಕೆ ಹಾಕಿಕೊಡುವಂತೆ ಕೇಳಿಕೊಳ್ಳಿ. ಡಬ್ಬಕ್ಕೆ 20 ಅಥವಾ 30 ಸೆಂಟ್ ಹೆಚ್ಚು ತೆರಬೇಕಾಗಬಹುದು, ಆದರೆ ಮನೆಗೆ ಹೋಗಿ ಮುಚ್ಚಳ ತೆಗೆದಾಗ ಎಷ್ಟು ಸೂಪನ್ನು ಬಟ್ಟಲಿಗೆ ಬಗ್ಗಿಸಿಕೊಳ್ಳಬೇಕೆಂಬ ತೀರ್ಮಾನ ನಿಮ್ಮದೇ ಆಗಿರುತ್ತದೆ.